ಬರೆದದ್ದು ಎಷ್ಟು, ನಾವು ಸೇರಿಸಿದ್ದು ಎಷ್ಟು

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗಾಗಿ ಒಂದು ಪರೀಕ್ಷೆ ಇದೆ. ಮಕ್ಕಳು, ಮಾಸ್ತರರು, ತಾಯಿ-ತಂದೆ ಎಲ್ಲರೂ ಅದನ್ನು ಎನ್‌ಎಂಎಂಎಸ್ ಎಂದೇ ಕರೆಯುತ್ತಾರೆ. ಕೇಂದ್ರ ಸರ್ಕಾರ 2008ರಲ್ಲಿ ಶುರುಮಾಡಿದ ಈ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಮಳೆ ನಂಬಿ ಈರುಳ್ಳಿ ಹಾಕುವ ಮುಂಡರಗಿ ಕಡೆಯ ರೈತನಿಗೆ, ಬೆಟಗೇರಿಯ ನೇಕಾರನಿಗೆ, ಲಕ್ಷ್ಮೇಶ್ವರದ ಹಮಾಲಿಗೆ ತಿಂಗಳಿಗೆ ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಹತ್ತನೇ ತರಗತಿ ಮುಗಿದ ಮೇಲೆ ಮಗಳನ್ನು ಮುಂದೆ ಓದಿಸಬೇಕೋ ಬೇಡವೋ ಎಂಬ ಮಾತು ಎಷ್ಟೋ ಮನೆಗಳಲ್ಲಿ ಇಷ್ಟು ಹಣದ ಮೇಲೆಯೇ ನಿಂತಿರುತ್ತದೆ.

ಪರೀಕ್ಷೆಗೆ ಎರಡು ಪತ್ರಿಕೆ. ಒಂದೊಂದಕ್ಕೂ 90 ಪ್ರಶ್ನೆ, 90 ನಿಮಿಷ. ಎರಡನೆಯ ಪತ್ರಿಕೆಯದು ಪಠ್ಯದ ವಿಷಯ: ವಿಜ್ಞಾನ, ಸಮಾಜ, ಗಣಿತ. ಅದಕ್ಕೆ ಶಾಲೆಯ ಪುಸ್ತಕವಿದೆ, ಓದಬಹುದು. ಮಕ್ಕಳು ಹೆದರುವುದು ಮೊದಲನೆಯದಕ್ಕೆ, ಮಾನಸಿಕ ಸಾಮರ್ಥ್ಯ ಪರೀಕ್ಷೆಗೆ. ತಾರ್ಕಿಕತೆ ಮತ್ತು ವಿಮರ್ಶಾತ್ಮಕ ಚಿಂತನೆಯಂತಹ ಶಕ್ತಿಗಳನ್ನು ಅಳೆಯುವ ಪತ್ರಿಕೆ ಎಂದು ಯೋಜನೆಯ ವಿವರಣೆಯೇ ಹೇಳುತ್ತದೆ. ಇದಕ್ಕೆ ಪಠ್ಯಪುಸ್ತಕವಿಲ್ಲ. ಆ ಜಾಗವನ್ನು ಗೈಡುಗಳು ತುಂಬಿವೆ. ಪುಟದ ತುಂಬ ಶಾರ್ಟ್‌ಕಟ್: ಗಡಿಯಾರದ ಮುಳ್ಳಿನ ಕೋನಕ್ಕೊಂದು ಸೂತ್ರ, ಇಸವಿಯಿಂದ ವಾರ ಹುಡುಕಲು ಒಂದು ಕೋಷ್ಟಕ, ಅಕ್ಷರಗಳ ಸಂಕೇತಕ್ಕೊಂದು ತಂತ್ರ. ಇವು ಬೇಡವೆನ್ನುವುದಿಲ್ಲ, ಐದಾರು ಅಂಕಕ್ಕೆ ನೆರವಾಗುತ್ತವೆ. ಆದರೆ ಯೋಚನೆಯನ್ನೇ ಕೇಳುವ ಪ್ರಶ್ನೆ ಬಂದಾಗ ಸೂತ್ರ ಕೈಕೊಡುತ್ತದೆ. ಅಲ್ಲಿ ಮಕ್ಕಳು ಎಡವುವುದು ಬುದ್ಧಿ ಸಾಲದೆ ಅಲ್ಲ, ಪ್ರಶ್ನೆಯಲ್ಲಿ ಇಲ್ಲದ್ದನ್ನು ಓದಿಕೊಂಡು. ಬರೆದದ್ದು ಎಷ್ಟು, ತಾನು ಸೇರಿಸಿಕೊಂಡದ್ದು ಎಷ್ಟು ಎಂದು ಬೇರೆ ಮಾಡಲು ಬಂದರೆ ಈ ಪತ್ರಿಕೆಯ ಭಯ ಬಹುಪಾಲು ಹೋಗುತ್ತದೆ. ಅದನ್ನು ಕಲಿಸಬಹುದು ಎಂಬುದು ನನ್ನ ನಂಬಿಕೆ. ಅದೂ ನಮ್ಮ ಕನ್ನಡದಲ್ಲೇ, ನಮ್ಮ ಕಣ್ಣ ಮುಂದಿನ ವಸ್ತುಗಳಿಂದಲೇ.

ಗದಗ ಎಪಿಎಂಸಿಗೆ ಅಪ್ಪನ ಜೊತೆ ಹೋಗಿ ಬಂದ ಹುಡುಗನಿಗೆ ಹೀಗೆ ಕೇಳಿ: ‘ಒಣಗಿದ ಬ್ಯಾಡಗಿ ಮೆಣಸಿನಕಾಯಿ ಎಲ್ಲ ಕೆಂಪು. ಈ ಚೀಲದಲ್ಲಿರುವ ಕಾಯಿಯೂ ಕೆಂಪು. ಹಾಗಾದರೆ ಇದು ಬ್ಯಾಡಗಿಯೇ ತಾನೆ?’ ಅವನು ಒಪ್ಪುವುದಿಲ್ಲ. ‘ಗುಂಟೂರು ಕಾಯಿನೂ ಕೆಂಪ ಇರತೈತಿ ಅಲ್ರಿ’ ಎನ್ನುತ್ತಾನೆ. ಈಗ ಅದೇ ಮಾತನ್ನು ಪ್ರಶ್ನೆಪತ್ರಿಕೆಯ ವೇಷದಲ್ಲಿ ಕೊಡಿ: ‘ಎಲ್ಲ ಕ-ಗಳು ಚ-ಗಳು. ಟ ಒಂದು ಚ. ಆದ್ದರಿಂದ ಟ ಒಂದು ಕ.’ ಸರಿ ಎಂದು ಗುರುತು ಹಾಕಿಬಿಡುತ್ತಾನೆ. ಎರಡೂ ಒಂದೇ ತರ್ಕ, ಎರಡೂ ತಪ್ಪು. ಮೊದಲನೆಯದರಲ್ಲಿ ಅವನಿಗೆ ಎದುರು ಉದಾಹರಣೆ ತಟ್ಟನೆ ಹೊಳೆಯಿತು. ಎರಡನೆಯದರಲ್ಲಿ ಹುಡುಕಬೇಕೆಂದೇ ಅನ್ನಿಸಲಿಲ್ಲ.

ಇದು ನಮ್ಮ ಮಕ್ಕಳಿಗಷ್ಟೇ ಇರುವ ತೊಡಕು ಎಂದುಕೊಳ್ಳಬೇಡಿ. 1966ರಲ್ಲಿ ಪೀಟರ್ ವಾಸನ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನಲ್ಲಿ ನಾಲ್ಕು ಕಾರ್ಡುಗಳ ಒಂದು ಒಗಟನ್ನು ಮುಂದಿಟ್ಟ. ಕಾರ್ಡಿನ ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಅಂಕಿ. ಒಂದು ನಿಯಮ ಕೊಟ್ಟು, ಅದು ನಿಜವೋ ಸುಳ್ಳೋ ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಿ ನೋಡಬೇಕು ಎಂಬುದು ಪ್ರಶ್ನೆ. ಓದು ಬಲ್ಲ ವಯಸ್ಕರಲ್ಲೇ ಬಹುತೇಕರು ತಪ್ಪಿದರು. ಅದನ್ನು ನಮ್ಮ ಮಾರುಕಟ್ಟೆಗೆ ತಂದು ನೋಡೋಣ. ನಿಯಮ ಇಷ್ಟು: ಚೀಲಕ್ಕೆ ಹಸಿರು ಚೀಟಿ ಕಟ್ಟಿದ್ದರೆ ಒಳಗೆ ಒಣ ಕಾಯಿಯೇ ಇರಬೇಕು. ನಾಲ್ಕು ಚೀಲಗಳಿವೆ. ಒಂದಕ್ಕೆ ಹಸಿರು ಚೀಟಿ, ಬಾಯಿ ಹೊಲಿದಿದೆ. ಇನ್ನೊಂದಕ್ಕೆ ಕೆಂಪು ಚೀಟಿ, ಅದರ ಬಾಯಿಯೂ ಹೊಲಿದಿದೆ. ಮೂರನೆಯದು ತೆರೆದಿದೆ, ಒಣ ಕಾಯಿ ಕಾಣುತ್ತದೆ, ಚೀಟಿ ಮಾತ್ರ ಆಚೆ ಬದಿಗಿದೆ. ನಾಲ್ಕನೆಯದೂ ತೆರೆದಿದೆ, ಕಾಯಿ ಹಸಿ, ಚೀಟಿ ಆಚೆ ಬದಿಗೆ. ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವ ಚೀಲಗಳನ್ನು ನೋಡಬೇಕು?

ಹಸಿರು ಚೀಟಿಯ ಚೀಲ ಬಿಚ್ಚಬೇಕು, ಅದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯ ಉತ್ತರವಾಗಿ ಬಹಳ ಮಂದಿ ಒಣ ಕಾಯಿಯ ಚೀಲ ತೋರಿಸುತ್ತಾರೆ. ಅದು ಬೇಡ, ಒಣ ಕಾಯಿಗೆ ಯಾವ ಬಣ್ಣದ ಚೀಟಿ ಇದ್ದರೂ ನಿಯಮಕ್ಕೆ ಧಕ್ಕೆಯಿಲ್ಲ. ನೋಡಬೇಕಾದದ್ದು ಹಸಿ ಕಾಯಿಯ ಚೀಲವನ್ನು. ಅದಕ್ಕೆ ಹಸಿರು ಚೀಟಿ ಇದ್ದರೆ ಮೋಸ ಅಲ್ಲಿದೆ. ಖರೀದಿದಾರ ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಾನೆ, ಏಕೆಂದರೆ ಅವನು ನೋಡಲು ಬಂದಿರುವುದೇ ಮೋಸ ಎಲ್ಲಿ ಅಡಗಬಹುದು ಎಂದು. 1982ರಲ್ಲಿ ಅಮೆರಿಕದ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಸಂಶೋಧಕರು ವಾಸನ್‌ನ ಒಗಟನ್ನೇ ಮದ್ಯಪಾನದ ವಯಸ್ಸಿನ ಕಾನೂನಿಗೆ ಹೊಂದಿಸಿ ವಿದ್ಯಾರ್ಥಿಗಳಿಗೆ ಕೊಟ್ಟಾಗ ಬಹುಪಾಲು ಜನ ಸರಿಯಾಗಿ ಬಿಡಿಸಿದರು. ತರ್ಕ ಬದಲಾಗಿರಲಿಲ್ಲ, ವಸ್ತು ಪರಿಚಿತವಾಗಿತ್ತು.

ಆದ್ದರಿಂದ ನಾನು ಮಾಸ್ತರರಿಗೆ ಹೇಳುವುದು, ಅಕ್ಷರಗಳ ಪ್ರಶ್ನೆ ಬಂದಾಗ ಮಗು ಅದನ್ನು ಮೊದಲು ತನಗೆ ಗೊತ್ತಿರುವ ವಸ್ತುವಿಗೆ ಇಳಿಸಿ ನೋಡಲಿ. ಕ ಎಂದರೆ ಬ್ಯಾಡಗಿ, ಚ ಎಂದರೆ ಕೆಂಪು ಕಾಯಿ. ತೀರ್ಮಾನವನ್ನು ಒಪ್ಪುವ ಮೊದಲು ಅದನ್ನು ಸುಳ್ಳು ಮಾಡುವ ಒಂದು ಉದಾಹರಣೆ ಹುಡುಕಲಿ. ಸಿಕ್ಕರೆ ತೀರ್ಮಾನ ಬಿತ್ತು. ಶುರುವಿನಲ್ಲಿ ಒಂದು ಪ್ರಶ್ನೆಗೆ ಐದು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಪರೀಕ್ಷೆಯಲ್ಲಿ ಪ್ರಶ್ನೆಗೊಂದೇ ನಿಮಿಷವಿರುವುದು ನಿಜ. ಆ ವೇಗ ಆಮೇಲೆ ತಾನೇ ಬರುತ್ತದೆ. ಮೊದಲ ದಿನದಿಂದಲೇ ಗಡಿಯಾರ ಹಿಡಿದು ಕೂರುವ ತರಬೇತಿಯಲ್ಲಿ ಮಕ್ಕಳು ಊಹಿಸಿ ಗುರುತು ಹಾಕುವುದನ್ನು ಮಾತ್ರ ಕಲಿಯುತ್ತಾರೆ.

ಚಿತ್ರಗಳ ಸರಣಿ, ಗುಂಪಿಗೆ ಸೇರದ್ದು, ಅಡಗಿದ ಆಕೃತಿ, ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಟಗೇರಿಯ ಮಗ್ಗದ ಮನೆಯ ಹುಡುಗಿ ಸೀರೆಯಂಚಿನಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುತ್ತಾಳೆ. ಅವಳಿಗೆ ಬೇಕಾದದ್ದು ಒಂದೇ ಸಲಹೆ: ಇಡೀ ಚಿತ್ರವನ್ನು ಒಮ್ಮೆಗೇ ನೋಡದೆ, ಒಂದು ಗೆರೆಯನ್ನೋ ಚುಕ್ಕೆಯನ್ನೋ ಹಿಡಿದು ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೇಗೆ ಸರಿಯುತ್ತದೆ ಎಂದು ನೋಡುವುದು.

ಕಷ್ಟದ್ದು ಗದ್ಯ ಓದಿ ತೀರ್ಮಾನಿಸುವ ಬಗೆ. ಎಂಟನೇ ತರಗತಿಯಲ್ಲಿ ಇದು ಕಡಿಮೆ; ಮುಂದೆ ಬ್ಯಾಂಕ್ ಪರೀಕ್ಷೆಗೆ, ಕೆಎಎಸ್‌ಗೆ, ಕಾನೂನು ಓದಲು ಬಯಸಿದರೆ ಸಿಎಲ್‌ಎಟಿಗೆ ಹೋದಂತೆ ಇದೇ ಮುಖ್ಯವಾಗುತ್ತದೆ. ಗುಡ್ವಿನ್ ವಾಟ್ಸನ್ ಮತ್ತು ಎಡ್ವರ್ಡ್ ಗ್ಲೇಸರ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ, ಇಂದಿಗೂ ವಕೀಲರ ಸಂಸ್ಥೆಗಳು ನೇಮಕಕ್ಕೆ ಬಳಸುವ ಒಂದು ಪರೀಕ್ಷೆಯಲ್ಲಿ ಓದಿದ್ದರಿಂದ ತೆಗೆದ ತೀರ್ಮಾನಕ್ಕೆ ‘ನಿಜ’, ‘ಸುಳ್ಳು’ ಎಂಬ ಎರಡೇ ಮನೆಗಳಿಲ್ಲ. ‘ಬಹುಶಃ ನಿಜ’, ‘ಬಹುಶಃ ಸುಳ್ಳು’ ಇವೆ, ನಡುವೆ ‘ಮಾಹಿತಿ ಸಾಲದು’ ಎಂಬುದೂ ಇದೆ. ಆ ನಡುವಿನ ಮನೆಗೆ ನಮ್ಮ ಮಕ್ಕಳು ಹೋಗುವುದೇ ಇಲ್ಲ. ‘ಗೊತ್ತಿಲ್ಲ’ ಎಂದರೆ ಏಟು ಬೀಳುತ್ತದೆ ಎಂದು ಕಲಿತವರು ಅವರು. ಕೊಟ್ಟ ಮಾತುಗಳಿಂದ ಹೇಳಲಾಗದು ಎಂಬುದೂ ಪೂರ್ತಿ ಅಂಕದ ಉತ್ತರವಾಗಬಲ್ಲದು ಎಂದು ಅವರಿಗೆ ಯಾರಾದರೂ ಹೇಳಬೇಕು.

ತರಗತಿಯಲ್ಲಿ ಮಾಡಬಹುದಾದ ಒಂದು ಅಭ್ಯಾಸ ಕೊಡುತ್ತೇನೆ. ಹಲಗೆಯ ಮೇಲೆ ಮೂರು ವಾಕ್ಯ ಬರೆಯಿರಿ: ‘ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ ತಂಗಿ, ರಾತ್ರಿ ಸುತ್ತಲ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದ ಘೋಷಣೆ ಹೊರಬಿತ್ತು.’ ಈ ಮೂರು ವಾಕ್ಯಗಳಿಂದ ಮಾತ್ರ ತೀರ್ಮಾನಿಸಬೇಕು. ಹೆಬ್ಬಾತುಗಳಿಂದ ರೈತರಿಗೆ ದೊಡ್ಡ ನಷ್ಟವಾಗುತ್ತದೆಯೇ? ಹೇಳಲಾಗದು; ಮೇಯುತ್ತವೆ ಎಂದಿದೆ, ಏನನ್ನು ಎಷ್ಟು ಎಂದಿಲ್ಲ. ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಹಕ್ಕಿಗಳು ಹೆಚ್ಚಾದವೇ? ಹೇಳಲಾಗದು. ಇವು ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರುತ್ತವೆಯೇ? ಇಲ್ಲಿ ತರಗತಿಯ ಅತ್ಯಂತ ಜಾಣ ಹುಡುಗಿ ‘ಹೌದು’ ಎಂದು ಕೈ ಎತ್ತುತ್ತಾಳೆ. ಅವಳು ಓದಿದ್ದು ಸರಿ, ಆ ಹಕ್ಕಿಗಳು ಅಲ್ಲಿನವೇ. ಆದರೂ ಈ ಪ್ರಶ್ನೆಗೆ ಅವಳ ಉತ್ತರ ತಪ್ಪು. ಹಲಗೆಯ ಮೇಲೆ ಅದಿಲ್ಲ. ಅವಳಿಗೆ ಇದನ್ನು ತಾಳ್ಮೆಯಿಂದ ವಿವರಿಸಿ. ನಿನಗೆ ಗೊತ್ತಿರುವುದು ಹೆಮ್ಮೆಯ ಸಂಗತಿ, ಅದಕ್ಕೆ ಎರಡನೆಯ ಪತ್ರಿಕೆಯಲ್ಲಿ ಅಂಕ ಸಿಗುತ್ತದೆ, ಇಲ್ಲಿ ಕೇಳಿರುವುದು ಬೇರೆ ಎಂದು ಹೇಳಿ. ಮುಂದಿನ ಅರ್ಧ ಗಂಟೆ ಇದೇ ಚರ್ಚೆಯಾದರೆ ಆಗಲಿ. ಒಂದು ಗೈಡಿನ ನೂರು ಪುಟಕ್ಕಿಂತ ಅದು ಮೇಲು.

ಇದೇ ಶಿಸ್ತಿಗೆ ದೊಡ್ಡವರ ಲೋಕದ ಒಂದು ನಿದರ್ಶನ ಲಕ್ಷ್ಮೇಶ್ವರದಲ್ಲಿದೆ. ಹಿಂದಿನ ಪುಲಿಗೆರೆ ಅದು. ಕವಿರಾಜಮಾರ್ಗ ಕನ್ನಡದ ತಿರುಳೆಂದು ಗುರುತಿಸಿದ ಊರುಗಳಲ್ಲೊಂದು. ಅಲ್ಲಿನ ಶಂಖ ಬಸದಿಗೆ ಬಾದಾಮಿ ಚಾಲುಕ್ಯ ಅರಸರು ದಾನ ಕೊಟ್ಟರೆಂದು ಸಾರುವ ಶಾಸನಗಳು ಕಲ್ಲಿನ ಮೇಲಿವೆ. ಓದಿದವರು ಏಳು-ಎಂಟನೇ ಶತಮಾನದ ದಾಖಲೆ ಎಂದು ಸುಮ್ಮನೆ ಬರೆದುಕೊಳ್ಳಬಹುದಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅವುಗಳನ್ನು ಪ್ರಕಟಿಸಿದ ಜೆ. ಎಫ್. ಫ್ಲೀಟ್ ಅಕ್ಷರಗಳ ರೂಪ ನೋಡಿದ. ಅದು ಆ ಅರಸರ ಕಾಲದ್ದಲ್ಲ, ಎಷ್ಟೋ ನಂತರದ್ದು. ಹಾಗಾದರೆ ದಾನ ಸುಳ್ಳೇ? ಫ್ಲೀಟ್ ಅವುಗಳನ್ನು ಅನುಮಾನಿಸಿದ. ಹಳೆಯ ತಾಮ್ರಪಟಗಳನ್ನು ಉಳಿಸಿಕೊಳ್ಳಲು ಮುಂದೆ ಯಾರೋ ಕಲ್ಲಿಗೆ ನಕಲು ಮಾಡಿರಬಹುದು ಎಂಬ ವಾದವೂ ವಿದ್ವಾಂಸರಲ್ಲಿ ಬಂತು. ಎರಡು ಪಕ್ಷಗಳೂ ಒಪ್ಪುವ ಮಾತು ಇಷ್ಟೇ: ಕೆತ್ತಿದ್ದು ನಂತರ. ಉಳಿದದ್ದು ಅದರ ಮೇಲೆ ಕಟ್ಟಿದ ತೀರ್ಮಾನ. ಶಾಲೆಯವರು ಮಕ್ಕಳನ್ನು ಪ್ರವಾಸಕ್ಕೆ ಸೋಮೇಶ್ವರ ಗುಡಿಗೆ ಕರೆದೊಯ್ದಾಗ ಬಸದಿಗೂ ಕರೆದೊಯ್ದು, ಕಲ್ಲಿನ ಮುಂದೆ ನಿಲ್ಲಿಸಿ, ‘ಇದರಲ್ಲಿ ನಮಗೆ ಕಣ್ಣಾರೆ ಕಾಣುವುದೇನು, ನಾವು ಊಹಿಸುವುದೇನು’ ಎಂದು ಕೇಳಲಿ ಎಂಬುದು ನನ್ನ ಆಸೆ.

ವಾದಗಳ ತೂಕ ನೋಡುವುದು ಇನ್ನೊಂದು ಭಾಗ. ಪರೀಕ್ಷೆಗಳಲ್ಲಿ ಒಂದು ಪ್ರಶ್ನೆ ಕೊಟ್ಟು, ಪರ-ವಿರೋಧದ ಎರಡು ಮಾತು ಕೊಟ್ಟು, ಯಾವುದು ಬಲವಾದ ವಾದ ಎಂದು ಕೇಳುತ್ತಾರೆ. ಮುಂಡರಗಿ ತಾಲ್ಲೂಕಿನವರಿಗೆ ಇದು ಬದುಕಿನಲ್ಲೇ ಎದುರಾದ ಪ್ರಶ್ನೆ. 2011ರಲ್ಲಿ ಹಳ್ಳಿಗುಡಿ ಸುತ್ತ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಜಮೀನು ಪಡೆಯುವ ಪ್ರಸ್ತಾಪ ಬಂತು. ರೈತರು ಎದ್ದರು, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರೊಡನೆ ನಿಂತರು, ಯೋಜನೆ ಕೈಬಿಟ್ಟುಹೋಯಿತು. ಆ ದಿನಗಳ ಮಾತುಗಳನ್ನು ತರಗತಿಯಲ್ಲಿ ತೂಗಿ ನೋಡಬಹುದು. ‘ಕಾರ್ಖಾನೆ ಬಂದರೆ ಊರು ಉದ್ಧಾರ’ ಎಂಬುದು ದುರ್ಬಲ ವಾದ, ಹೇಗೆ ಎಂದು ಹೇಳುವುದಿಲ್ಲ. ‘ದೊಡ್ಡ ಕಂಪನಿ ಎಂದರೆ ಮೋಸವೇ’ ಎಂಬುದೂ ಅಷ್ಟೇ ದುರ್ಬಲ. ‘ಜಮೀನು ಕೊಟ್ಟ ಮನೆಗಳಲ್ಲಿ ಎಷ್ಟು ಮಂದಿಗೆ, ಯಾವ ಕೆಲಸ, ಎಷ್ಟು ವರ್ಷ’ ಎಂದು ಲೆಕ್ಕ ಮುಂದಿಡುವ ಮಾತು, ‘ಈ ಹೊಲ ಹೋದರೆ ಇದರ ಮೇಲೆ ನಿಂತ ಕೂಲಿಗಳ ಗತಿ ಏನು’ ಎಂದು ಕೇಳುವ ಮಾತು, ಇವು ಯಾವ ಪಕ್ಷದಿಂದ ಬಂದರೂ ಬಲವಾದವು. ನನ್ನ ಒಲವು ಅಂದು ರೈತರ ಕಡೆಗೇ ಇತ್ತು, ಇಂದೂ ಇದೆ. ಹಾಗಿದ್ದೂ ನಮ್ಮ ಪಕ್ಷದ ದುರ್ಬಲ ಮಾತನ್ನು ದುರ್ಬಲ ಎನ್ನಲೇಬೇಕು. ಒಪ್ಪಿಗೆಯಾದ ಮಾತೇ ಬಲವಾದ ಮಾತು ಎಂದು ಗುರುತು ಹಾಕುವುದು ಪರೀಕ್ಷೆಯಲ್ಲಿ ಅಂಕ ಕಳೆಯುವ ಬಹುದೊಡ್ಡ ದಾರಿ.

ಇನ್ನು ಪದವಿ ಮುಗಿಸಿದ ಅಣ್ಣ-ಅಕ್ಕಂದಿರ ಮಾತು. ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಗೆ 2011ರಲ್ಲಿ ಸೇರಿದ ಸಿ-ಸ್ಯಾಟ್ ಪತ್ರಿಕೆಯಲ್ಲಿ ಶೇ 33 ಬಂದರೆ ಸಾಕು; ಆದರೆ ಅದು ಬಾರದೆ ಮೊದಲ ಪತ್ರಿಕೆಯ ಶ್ರಮವೆಲ್ಲ ನೀರುಪಾಲಾದವರು ಎಲ್ಲ ಊರುಗಳಲ್ಲೂ ಇದ್ದಾರೆ. ಅದರ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದವರಿಗೆ ಹೊರೆ ಇಮ್ಮಡಿ. ಕಾಲೇಜು ಉಪನ್ಯಾಸಕರಾಗಲು ಬರೆಯುವ ನೆಟ್ ಮತ್ತು ಕೆ-ಸೆಟ್‌ಗಳ ಮೊದಲ ಪತ್ರಿಕೆಯಲ್ಲಿ ಒಂದು ಸಂತಸದ ಸಂಗತಿಯಿದೆ: ತಾರ್ಕಿಕ ಚಿಂತನೆಯ ಘಟಕದಲ್ಲಿ ಭಾರತೀಯ ತರ್ಕವನ್ನೂ ಸೇರಿಸಿದ್ದಾರೆ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಎಂಬ ಆರು ಪ್ರಮಾಣಗಳು, ವ್ಯಾಪ್ತಿ, ಹೇತ್ವಾಭಾಸ. ಇವನ್ನು ಬಾಯಿಪಾಠ ಮಾಡಿ ಮರೆಯುವವರೇ ಹೆಚ್ಚು. ಕಪ್ಪತಗುಡ್ಡವನ್ನು ದೂರದಿಂದ ನೋಡಿ ಅರ್ಥ ಮಾಡಿಕೊಳ್ಳಿ. ಗುಡ್ಡದಲ್ಲಿ ಬೆಂಕಿ ಇದೆ. ಏಕೆಂದರೆ ಹೊಗೆ ಕಾಣುತ್ತದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡ ಹಾಗೆ. ಈ ಗುಡ್ಡದಲ್ಲೂ ಅಂಥ ಹೊಗೆಯಿದೆ. ಆದ್ದರಿಂದ ಬೆಂಕಿ ಇದೆ. ನ್ಯಾಯದರ್ಶನದ ಐದು ಅವಯವಗಳು ಇವೇ. ಈಗ ಮಳೆಗಾಲದ ಬೆಳಗ್ಗೆ ಅದೇ ಗುಡ್ಡದ ನೆತ್ತಿಯ ಮೇಲೆ ಬಿಳಿಯದೇನೋ ಏಳುತ್ತದೆ. ಅದು ಮಂಜು. ಹೊಗೆ ಎಂದು ಬಗೆದು ಬೆಂಕಿ ಎಂದರೆ ಹೇತುವೇ ಕೆಟ್ಟಿತು, ಮುಂದಿನ ಹೆಜ್ಜೆಗಳು ಎಷ್ಟು ಸರಿಯಿದ್ದರೂ ತೀರ್ಮಾನ ಬೀಳುತ್ತದೆ. ನೈಯಾಯಿಕರು ಈ ಉದಾಹರಣೆಯನ್ನು ಶತಮಾನಗಳ ಹಿಂದೆಯೇ ಕೊಟ್ಟಿದ್ದರು.

ಕನ್ನಡದಲ್ಲಿ ಬರೆಯುವವರಿಗೆ ಮತ್ತೊಂದು ತೊಡಕಿದೆ, ಅದು ಅಭ್ಯರ್ಥಿಯ ಕೈಯಲ್ಲಿಲ್ಲ. 2024ರ ಆಗಸ್ಟ್ 27ರಂದು ನಡೆದ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ಎಷ್ಟು ತಪ್ಪುಗಳಿದ್ದವೆಂದರೆ ಸರ್ಕಾರ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಮತ್ತೆ ಅನುವಾದದ ದೂರುಗಳು ಎದ್ದವು. ತಾರ್ಕಿಕ ಪ್ರಶ್ನೆಯಲ್ಲಿ ಒಂದು ‘ಮಾತ್ರ’, ಒಂದು ‘ಕೆಲವು’ ಜಾರಿದರೂ ಸರಿ ಉತ್ತರವೇ ಬದಲಾಗುತ್ತದೆ. ಕನ್ನಡವನ್ನು ನಂಬಿ ಓದಿದ ಹಳ್ಳಿಯ ಅಭ್ಯರ್ಥಿಗೆ ಇದು ಅನ್ಯಾಯ. ಪ್ರಶ್ನೆಗಳನ್ನು ಕನ್ನಡದಲ್ಲೇ ಯೋಚಿಸಿ ರಚಿಸಬೇಕೆಂಬ ಬೇಡಿಕೆಯನ್ನು ನಾವು ಬಿಡಬಾರದು. ಅಲ್ಲಿಯವರೆಗೆ ಪಕ್ಕದ ಇಂಗ್ಲಿಷ್ ವಾಕ್ಯವನ್ನೂ ಓದುವ ರೂಢಿ ಇರಲಿ. ತಪ್ಪು ಉತ್ತರಕ್ಕೆ ಅಂಕ ಕಡಿತವಿದೆಯೇ ಎಂದು ಸೂಚನೆಯಲ್ಲಿ ಮೊದಲೇ ನೋಡಿಕೊಳ್ಳಿ. ಕೆಪಿಎಸ್‌ಸಿಯಲ್ಲಿ ಕಾಲು ಭಾಗ, ಯುಪಿಎಸ್‌ಸಿಯಲ್ಲಿ ಮೂರನೇ ಒಂದು ಭಾಗ ಹೋಗುತ್ತದೆ.

ಎಂಟನೇ ತರಗತಿಗೆ ಮರಳೋಣ. ಮಾದರಿ ಪರೀಕ್ಷೆ ಮಾಡಿಸಿದ ಮೇಲೆ ಹೆಚ್ಚಿನ ಶಾಲೆಗಳಲ್ಲಿ ಸರಿ ಉತ್ತರಗಳನ್ನು ಓದಿ ಅಂಕ ಎಣಿಸಿ ಮುಗಿಸುತ್ತಾರೆ. ಕಲಿಕೆ ಶುರುವಾಗಬೇಕಾದದ್ದು ಅಲ್ಲಿಂದ. ಹೆಚ್ಚು ಮಕ್ಕಳು ತಪ್ಪಿದ ಮೂರೇ ಮೂರು ಪ್ರಶ್ನೆ ಆರಿಸಿ. ತಪ್ಪು ಗುರುತು ಹಾಕಿದವನನ್ನೇ ಎಬ್ಬಿಸಿ, ಬೈಯದೆ, ‘ನಿನಗ ಹಂಗ ಯಾಕ ಅನಸ್ತು?’ ಎಂದು ಕೇಳಿ. ಅವನ ಕಾರಣದಲ್ಲಿ ಪ್ರಶ್ನೆಯೊಳಗಿಲ್ಲದ ಒಂದು ಮಾತು ಸಿಕ್ಕೇ ಸಿಗುತ್ತದೆ. ಅದನ್ನು ಅವನೇ ಕಂಡುಹಿಡಿಯಲಿ. ವಾರಕ್ಕೆ ಒಂದು ತಾಸು ಇದಕ್ಕೆ ಮೀಸಲಿಟ್ಟರೆ, ಗದಗಿನ ಕೋಚಿಂಗಿಗೆ ಹಣ ಕಟ್ಟಲಾಗದ ಶಿರಹಟ್ಟಿಯ ಮಗುವೂ ಸರಿಸಮ ನಿಲ್ಲಬಲ್ಲದು.

ಇಷ್ಟೆಲ್ಲ ಸಿದ್ಧತೆ ಕಾಗದದ ಕಾರಣಕ್ಕೆ ಕೆಡಬಾರದು. ಅರ್ಜಿ ಹೋಗುವುದು ಶಾಲೆಯ ಮುಖ್ಯ ಶಿಕ್ಷಕರ ಮೂಲಕ. ಏಳನೇ ತರಗತಿಯಲ್ಲಿ ಶೇ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಶೇ 5 ರಿಯಾಯಿತಿ ಇದೆ. ಎರಡೂ ಪತ್ರಿಕೆ ಸೇರಿ ಅರ್ಹತೆಗೆ ಶೇ 40, ಪರಿಶಿಷ್ಟರಿಗೆ ಶೇ 32. ವಸತಿ-ಊಟ ಸರ್ಕಾರವೇ ಕೊಡುವ ಶಾಲೆಗಳ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಶಾಲೆ ಶುರುವಾದ ತಿಂಗಳಲ್ಲೇ ಅರ್ಜಿ ಹಾಕಿ. ಮಗುವಿನ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದೇ ರೀತಿ ಇವೆಯೇ ಎಂದು ಆ ತಿಂಗಳಲ್ಲೇ ನೋಡಿಕೊಂಡರೆ, ತಿದ್ದಿಸಲು ಇನ್ನೂ ಸಮಯವಿರುತ್ತದೆ.